ಅಚ್ಚಿಗೆ ಬಳಿದ ವಿಭೂತಿ

ಸ್ನೇಹಿತರೇ, ಇವತ್ತು ಮನೆಯ ಹಿತ್ತಲಿನಲ್ಲಿ ಮೊದಲ ಸಲ ಬೆಳ್ಳಿ ಕರಗಿಸಿದೆ. ಗುಬ್ಬಿಯಿಂದ ಬಂದಿರುವ ಅತ್ತೆ ತಮ್ಮ ಸವೆದ ಕಾಲುಂಗುರಗಳನ್ನು ಕೊಟ್ಟು, "ಮೊಮ್ಮಗಳ ಉಡ್ದಾರಕ್ಕೆ ಒಂದು ಬಿಲ್ಲೆ ಮಾಡ್ಕೊಡಮ್ಮ" ಅಂದಿದ್ದರು.

ಕನ್ನಡಕ, ದಪ್ಪ ಕೈಗವಸು, ಬೂಟು, ಪಕ್ಕದಲ್ಲಿ ಒಂದು ಬಕೆಟ್ ಮರಳು, ಎಲ್ಲ ಸಿದ್ಧವಾಗಿತ್ತು. ಅಚ್ಚನ್ನು ಕಾಯಿಸಿ ಒಣಗಿಸಿ ಬದಿಗಿಟ್ಟಿದ್ದೆ. ಆಮೇಲೆ ನನ್ನ ಗಮನವೆಲ್ಲ ಗ್ಯಾಸ್ ಟಾರ್ಚಿನ ಉರಿಯ ಮೇಲೆ. ಮೂಸೆಯಲ್ಲಿ ಬೆಳ್ಳಿ ಕರಗಿ ಕನ್ನಡಿಯ ಹಾಗೆ ಹೊಳೆಯಿತು. ಇಕ್ಕಳದಲ್ಲಿ ಎತ್ತಿ, ಸುರಿಯಲೆಂದು ತಿರುಗಿದರೆ ಅಚ್ಚಿನ ಮೇಲೆ ಮೂರು ಬೆರಳಿನ ವಿಭೂತಿ. ಗುಳಿಯಲ್ಲಿ ನೀರು ಮಿನುಗುತ್ತಿತ್ತು.

ಮೂಸೆಯನ್ನು ಹಾಗೇ ಕೆಳಗಿಟ್ಟು ಉರಿ ಆರಿಸಿದೆ.

"ಅತ್ತೆ, ಇದನ್ನ ತೊಳೆದ್ರಾ?"

"ಹೊಸ ಸಾಮಾನು. ತೊಳ್ದು ಪೂಜೆ ಮಾಡ್ದೆ ಯಾರಾದ್ರೂ ಕೆಲ್ಸಕ್ಕೆ ತಗೋತಾರಾ?" ತಂಬಿಗೆ ಇನ್ನೂ ಅವರ ಕೈಯಲ್ಲೇ ಇತ್ತು.

"ಒಂದು ಹನಿ ನೀರಿದ್ರೂ ಬೆಳ್ಳಿ ಸಿಡಿದು ಮುಖಕ್ಕೆ ಹಾರುತ್ತೆ ಅತ್ತೆ."

ಅವರು ತಂಬಿಗೆಯನ್ನು ಮೆಲ್ಲಗೆ ಸೆರಗಿನ ಹಿಂದೆ ಸರಿಸಿದರು. "ನಿನ್ಗೇನೂ ಆಗ್ದಿರ್ಲಿ ಅಂತ್ಲೇ ಕಣಮ್ಮ ಪೂಜೆ ಮಾಡಿದ್ದು" ಅಂದರು, ಸಣ್ಣ ದನಿಯಲ್ಲಿ.

ಬೈಯಬೇಕೆಂದಿದ್ದವಳು ಅಚ್ಚಿನ ನೀರು ಬಗ್ಗಿಸಿ ಒರೆಸಿದೆ. ಅಚ್ಚು ಈಗ ತಾರಸಿಯ ಬಿಸಿಲಿನಲ್ಲಿದೆ. ಯಾರೂ ಮುಟ್ಟದ ಹಾಗೆ ಅತ್ತೆಯೇ ಕಾವಲು ಕೂತಿದ್ದಾರೆ. ನಾಳೆ ಮತ್ತೆ ಚೆನ್ನಾಗಿ ಕಾಯಿಸಿಕೊಂಡೇ ಕೆಲಸ ಶುರು.

ನಾನು ನೋಡಿದ ವಿಡಿಯೊಗಳೆಲ್ಲ ಕನ್ನಡಕ ಹಾಕಿಕೊಳ್ಳಿ, ಬೂಟು ಹಾಕಿಕೊಳ್ಳಿ ಅಂದವು. ಅತ್ತೆಯ ತಂಬಿಗೆ ಎಲ್ಲಿದೆ ನೋಡಿಕೊಳ್ಳಿ ಅಂತ ಒಂದೂ ಹೇಳಲಿಲ್ಲ.