ಎಲೆಯಿಲ್ಲದ ಗುಂಡಿ

ಅವರ ಬಲಗೈಯ ಎರಡು ಬೆರಳ ತುದಿ ಸದಾ ಹಸಿರು. ಸೊಪ್ಪು ಅರೆದು ಅರೆದು ಉಗುರಿನ ಸಂದಿಗೆ ಇಳಿದ ಬಣ್ಣ, ಸೋಪಿಗೆ ಹೋಗುತ್ತಿರಲಿಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ಅವರು ನನಗೆ ಹಿರಿಯ ಸಹೋದ್ಯೋಗಿ. ಮೇಡಂ ಎನ್ನುತ್ತಿದ್ದೆ. ಎಲೆಗಳ ಸಾರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಇದೆಯೇ ಎಂದು ಪರೀಕ್ಷಿಸುವುದು ನಮ್ಮಿಬ್ಬರ ಕೆಲಸ.

ಎಲೆಯನ್ನು ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆಯಬೇಕು. ಗಾಜಿನ ತಟ್ಟೆಯಲ್ಲಿ ಜೆಲ್ಲಿಯಂತೆ ಹೆಪ್ಪುಗಟ್ಟಿದ ಅಗರ್ ಮೇಲೆ ಬ್ಯಾಕ್ಟೀರಿಯಾ ಸವರಿ, ಅದರಲ್ಲಿ ಸಣ್ಣ ಗುಂಡಿ ಕೊರೆದು ಆ ಸಾರ ತುಂಬಬೇಕು. ಮರುದಿನ ಗುಂಡಿಯ ಸುತ್ತ ಏನೂ ಬೆಳೆಯದೆ ತಿಳಿಯಾದ ಬಳೆ ಮೂಡಿದ್ದರೆ ಎಲೆ ಗೆದ್ದ ಹಾಗೆ. ಒಂದು ಗುಂಡಿಗೆ ಮಾತ್ರ ಎಲೆಯಿಲ್ಲದ ಬರೀ ಮದ್ಯಸಾರ. ಅದು ಕಂಟ್ರೋಲ್. ಅಲ್ಲೂ ಬಳೆ ಮೂಡಿದರೆ ಕೊಂದದ್ದು ಎಲೆಯಲ್ಲ, ಮದ್ಯಸಾರ.

"ಮೊದ್ಲು ಕಂಟ್ರೋಲ್ ನೋಡು ಮಾರಾಯ್ತಿ, ಆಮೇಲೆ ಕುಣಿ" ಎನ್ನುವರು. ಈ ಬಿಗಿಗೆ ಹೆದರಿ ಅವರ ಲ್ಯಾಬಿಗೆ ಯಾರೂ ಸುಳಿಯುತ್ತಿರಲಿಲ್ಲ. ನಾನು ಸೇರುವವರೆಗೂ ಊಟದ ಡಬ್ಬಿಯನ್ನು ಒಬ್ಬರೇ ಬಿಚ್ಚುತ್ತಿದ್ದರಂತೆ.

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಅವರ ತಾಯಿ ಇದ್ದರು. ಕಾರ್ಖಾನೆಯಲ್ಲಿ ಕೈ ಕೊಯ್ದುಕೊಂಡು ಬಂದವರಿಗೆಲ್ಲ ಹಿತ್ತಲಿನ ತುಂಬೆ ಸೊಪ್ಪು ಜಜ್ಜಿ ಕಟ್ಟಿದವರು. ತಾಯಿ ಇರುವಾಗಲೇ ಆ ತುಂಬೆಯನ್ನು ತಟ್ಟೆಯಲ್ಲಿ ಗೆಲ್ಲಿಸಿ ತೋರಿಸಬೇಕು, ಅದೊಂದೇ ಮೇಡಂ ಆಸೆ.

ಒಂದು ಬೆಳಿಗ್ಗೆ ತುಂಬೆಯ ಗುಂಡಿಯ ಸುತ್ತ ದೊಡ್ಡ ಬಳೆ. ಮೇಡಂ ನಿಂತಲ್ಲೇ ಫೋನ್ ಮಾಡಿದರು. "ಅಮ್ಮಾ, ನಿನ್ನ ಸೊಪ್ಪು ಪಾಸಾಯ್ತು ಕಣಮ್ಮ!" ಫೋನ್ ಇಟ್ಟ ಮೇಲೆ ಕಂಟ್ರೋಲ್ ಕಡೆ ಕಣ್ಣು ಹೋಯಿತು. ಅಲ್ಲೂ ಅಷ್ಟೇ ದೊಡ್ಡ ಬಳೆ.

ಸಾರದಲ್ಲಿದ್ದ ಮದ್ಯಸಾರ ಪೂರ್ತಿ ಆವಿಯಾಗಲು ಬಿಟ್ಟು ಮತ್ತೆ ಮಾಡಿದೆವು. ಈ ಸಲ ತುಂಬೆಯ ಗುಂಡಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ಅಮ್ಮನಿಗೆ ಹೇಳುವುದು ಬೇಡ ಎಂದೆ. ಕೇಳಲಿಲ್ಲ. ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು.

"ಅವತ್ತು ತಪ್ಪು ಹೇಳ್ಬಿಟ್ಟೆ ಅಮ್ಮಾ. ನಿನ್ನ ಸೊಪ್ಪು ಕೊಲ್ಲಲ್ಲ."

ತಾಯಿ ಹೂಬತ್ತಿ ಹೊಸೆಯುತ್ತಲೇ ಕೇಳಿದರು: "ನಿನ್ನ ತಟ್ಟೆಗೆ ಗಾಯ ಆಗಿತ್ತೇನೇ?"

"ಇಲ್ಲ."

"ಮತ್ತೆ? ಅದು ತಾನೇ ಏನು ಮಾಡೀತು, ಪಾಪ. ಕಾಫಿ ಕುಡೀರಿ ಇಬ್ರೂ."

ನನಗೆ ನಗು ಬಂತು. ಮೇಡಂ ನಗಲಿಲ್ಲ. ವಾಪಸು ಬರುವಾಗ ಶಿವಮೊಗ್ಗ ಬರುವವರೆಗೂ ಕಿಟಕಿಗೇ ಮುಖ ಮಾಡಿ ಕೂತಿದ್ದರು.

ತಾಯಿ ತೀರಿಕೊಂಡ ಮೇಲೆ ಮೇಡಂಗೆ ತಮ್ಮವರೆಂದು ಯಾರೂ ಉಳಿಯಲಿಲ್ಲ; ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಯಲ್ಲಿ ಒಬ್ಬರೇ. ಒಂದು ಸಂಜೆ ನಾನು ಹೋದಾಗ ಕೊಯ್ದ ಬೆರಳಿಗೆ, ಅಮ್ಮನ ಹಿತ್ತಲಿನಿಂದ ತಂದು ಕುಂಡದಲ್ಲಿ ನೆಟ್ಟಿದ್ದ ತುಂಬೆ ಜಜ್ಜಿ ಇಟ್ಟುಕೊಂಡು ಕೂತಿದ್ದರು.

"ಕಂಟ್ರೋಲ್ ಎಲ್ಲಿ ಮೇಡಂ?" ಎಂದು ಕೆಣಕಿದೆ.

"ತಲೆಹರಟೆ ಬಿಟ್ಟು ಬಟ್ಟೆ ಕಟ್ಟು ಬಾ. ಒಂದೇ ಕೈಲಿ ಗಂಟು ಹಾಕಕ್ಕಾಗ್ತಿಲ್ಲ."

ಮೇಡಂ ತೀರಿಹೋಗಿ ಎರಡು ಮಳೆಗಾಲ ಕಳೆದವು. ಯಾರು ಯಾವ ಸಂತೋಷದ ಸುದ್ದಿ ತಂದರೂ ನಾನು ಮೊದಲು ಕಂಟ್ರೋಲ್ ಹುಡುಕುತ್ತೇನೆ. ಅದು ಅವರು ಕೊಟ್ಟದ್ದು. ಅವರ ಕುಂಡದ ತುಂಬೆಯೂ ನನ್ನ ಮನೆಗೆ ಬಂದಿದೆ. ಐದಕ್ಕೆ ಏಳುತ್ತೇನೆ, ಅದಕ್ಕೆ ನೀರು ಹಾಕುತ್ತೇನೆ, ತರಕಾರಿ ಹೆಚ್ಚಲು ಕೂರುತ್ತೇನೆ. ಮೊನ್ನೆ ಈಳಿಗೆ ತಗುಲಿ ಬೆರಳು ಕೊಯ್ದುಹೋಯಿತು. ಸೊಪ್ಪು ಜಜ್ಜಿ ಇಟ್ಟೆ. ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಗಂಟು ಬಿತ್ತು. ಸಡಿಲವಾಗಿ.