ಇಂದು ನಮ್ಮ ಮನೆಯ ಸರದಿ

ಬಿಸಿಯೂಟದ ನಂತರ ಪಾಠ ಮಾಡಲು ಮೂರನೆಯ ತರಗತಿಗೆ ಹೋದಾಗ ಹರ್ಷಿತಾ ಎಂಬ ಹುಡುಗಿಯ ಬಟ್ಟೆಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ಬೆಳಿಗ್ಗೆ ಮನೆಯ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬಂದಿದ್ದಳಂತೆ. ಹೊಸಕೋಟೆ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲೂ ಮನುಷ್ಯರಿಗಿಂತ ಹುಳುಗಳಿಗೇ ಹೆಚ್ಚು ಜಾಗವಿತ್ತು. ಪಡಸಾಲೆಯ ತುಂಬ ಬಿದಿರಿನ ತಟ್ಟೆಗಳು. ಹುಳುಗಳು ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು. ನಿಮ್ಮಲ್ಲಿ ಯಾರಾದರೂ ಅಂಥ ಮನೆಯಲ್ಲಿ ಬೆಳೆದಿದ್ದರೆ, ಆ ಸದ್ದು ಇದ್ದಕ್ಕಿದ್ದಂತೆ ನಿಂತುಹೋಗುವ ದಿನವೂ ನೆನಪಿರಬಹುದು. ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ ಸ್ತಬ್ಧವಾಗುತ್ತಿದ್ದವು. ಅದಕ್ಕೆ ಹುಳು ಜ್ವರಕ್ಕೆ ಕೂತಿತು ಎನ್ನುತ್ತಿದ್ದರು. ಆ ದಿನ ಮಾತ್ರ ಅಜ್ಜಿಯ ಕೈಗೆ ಬಿಡುವು. ಆ ದಿನ ಮಾತ್ರ ನಮಗೆ ಕಥೆ.

ನಾವು ಬೇಡುತ್ತಿದ್ದುದು ಒಂದೇ ಕಥೆಯನ್ನು. ಅದು ಪುರಾಣದ್ದೇ. ಆದರೆ ಅಜ್ಜಿ ಹೆಸರುಗಳನ್ನೆಲ್ಲ ಕೈಬಿಟ್ಟು, ಅದನ್ನು ನಮ್ಮೂರಿನ ಮೂಡಣ ಗುಡ್ಡಕ್ಕೆ ತಂದಿದ್ದಳು. ಗುಡ್ಡದಲ್ಲೊಬ್ಬ ರಾಕ್ಷಸ, ಅವನಿಗೆ ಊರಿನ ಮನೆಗಳು ಸರದಿಯಂತೆ ಬಂಡಿ ತುಂಬ ಅನ್ನ, ಜೋಡಿ ಎತ್ತು ಮತ್ತು ಒಬ್ಬ ಮನುಷ್ಯನನ್ನು ಕಳಿಸಬೇಕು. ಅಲ್ಲಿಗೆ ಬಂದೊಡನೆ ಅಜ್ಜಿ ನಿಲ್ಲಿಸುತ್ತಿದ್ದಳು.

“ಇವತ್ತು ನಮ್ಮನೆ ಸರದಿ. ಯಾರ್ನ ಕಳ್ಸಾನ?”

“ಇವ್ಳನ್ನೇ ಕಳ್ಸಜ್ಜಿ,” ಎಂದು ಚಿಕ್ಕಪ್ಪನ ಮಗ ಮಂಜ ನನ್ನತ್ತ ಕೈ ತೋರುತ್ತಿದ್ದ. “ಇವ್ಳು ಮುದ್ದೆ ನುಂಗೋದ್ ನೋಡಿದ್ರೆ ರಾಕ್ಷಸನೇ ಓಡೋಯ್ತಾನೆ.”

ಯಾರಾದರೂ ಬಾಯಿಬಿಟ್ಟು ‘ನಾನು ಹೋಗ್ತೀನಿ’ ಎನ್ನುವವರೆಗೆ, ರಾಕ್ಷಸನನ್ನು ಕೊಲ್ಲುವ ಜಟ್ಟಿ ಕಥೆಯೊಳಗೆ ಬರುತ್ತಿರಲಿಲ್ಲ. ಅವನು ಎಲ್ಲಿ ನಿಂತು ನಮ್ಮ ಮಾತಿಗೆ ಕಾಯುತ್ತಾನೆ, ಯಾರೂ ಹೋಗೆವೆಂದರೆ ಏನು ಮಾಡುತ್ತಾನೆ ಎಂಬುದು ನನ್ನ ಬಾಲ್ಯದ ದೊಡ್ಡ ಕುತೂಹಲವಾಗಿತ್ತು. ಒಮ್ಮೆ ನಾನೇ ಧೈರ್ಯ ಮಾಡಿ ಒಪ್ಪಿಕೊಂಡು, ತಡೆಯಲಾರದೆ ಕೇಳಿದೆ: “ನೀನ್ಯಾಕಜ್ಜಿ ಒಂದ್ಸಲನೂ ಹೋಗ್ತೀನಿ ಅನ್ನಲ್ಲ?”

“ನಾನ್ ಹೋದ್ರೆ ಕಥೆ ಹೇಳೋರ್ಯಾರೇ?”

ಪಡಸಾಲೆಯೆಲ್ಲ ನಕ್ಕಿತು.

ಅಜ್ಜಿ ತೀರಿಕೊಂಡ ಮೇಲೆ ಹುಳು ಸಾಕುವುದು ನಿಂತಿತು. ತಟ್ಟೆಗಳು ಒಲೆ ಸೇರಿದವು. ಪಾಲಾದ ಮನೆಯನ್ನು ಕೆಡವಿದರು. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವಳು ನಾನು. ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನೂ ಪಾಠದಲ್ಲಿ ಆಡಲು ನನಗೆ ಇಂದಿಗೂ ಅಳುಕು. ಹಿಂದಿನ ದಿನವಷ್ಟೇ ಈ ತರಗತಿಗೆ ಅದೇ ಕಥೆಯನ್ನು ಪುಸ್ತಕದಿಂದ, ಎಲ್ಲ ಹೆಸರುಗಳನ್ನೂ ಸ್ಪಷ್ಟವಾಗಿ ಉಚ್ಚರಿಸಿ, ತಪ್ಪಿಲ್ಲದೆ ಓದಿಹೇಳಿದ್ದೆ. ಮಕ್ಕಳು ಕಿಟಕಿಯಾಚೆ ನೋಡುತ್ತಿದ್ದರು. ಅಜ್ಜಿ ಬದುಕಿಸಿಟ್ಟಿದ್ದ ಕಥೆ ನನ್ನ ಬಾಯಲ್ಲಿ ಸಾಯುತ್ತಿದೆಯೆಂದು ಮನಸ್ಸಿಗೆ ತುಂಬ ನೋವಾಗಿತ್ತು. ಈಗ ಆ ಸೊಪ್ಪಿನ ವಾಸನೆಗೆ ನನಗೇನನ್ನಿಸಿತೋ, ಪುಸ್ತಕ ಮುಚ್ಚಿದೆ.

“ಇವತ್ತು ನಮ್ಮ ಕ್ಲಾಸಿನ ಸರದಿ. ಯಾರನ್ನ ಕಳಿಸೋಣ?”

“ಯಶವಂತನ್ನ ಕಳ್ಸಿ ಮಿಸ್, ಹೋಮ್‌ವರ್ಕೇ ಮಾಡಿಲ್ಲ ಅವ್ನು!”

“ಲೇ, ನೀನೇ ಹೋಗಲೇ!” ಎಂದ ಯಶವಂತ ಮರುಕ್ಷಣವೇ ಯೋಚನೆಗೆ ಬಿದ್ದ. “ಮಿಸ್, ಎತ್ತು ಬ್ಯಾಡ. ಟ್ರ್ಯಾಕ್ಟರ್ ಕಳ್ಸಾಣ. ಅದ್ನ ಹೆಂಗ್ ತಿಂತಾನೆ?”

ಗದ್ದಲ ತಗ್ಗಿದಾಗ ಹರ್ಷಿತಾ ಎದ್ದು ನಿಂತಳು. “ನಾನ್ ಹೋಗ್ತೀನಿ ಮಿಸ್.” ಕೂರುವ ಮೊದಲು ಕಣ್ಣು ಕಿರಿದಾಗಿಸಿ ನನ್ನನ್ನು ನೋಡಿದಳು. “ನೀವ್ಯಾಕ್ ಮಿಸ್ ಹೋಗಲ್ಲ?”

ಉತ್ತರವನ್ನು ನಾನು ಹುಡುಕಬೇಕಾಗಲಿಲ್ಲ, ಪುಸ್ತಕದ ಭಾಷೆಗೆ ಶುದ್ಧಗೊಳಿಸಲೂ ಇಲ್ಲ.

“ನಾನ್ ಹೋದ್ರೆ ಕಥೆ ಹೇಳೋರ್ಯಾರೇ?”

ಮಕ್ಕಳು ಗೊಳ್ಳೆಂದು ನಕ್ಕರು. ಮೊದಲು ಹಾಗೆಂದವಳು ಹೋಗಿ ವರ್ಷಗಳೇ ಆದವು. ನಗು ಅಡಗಲೆಂದು ಕಾದೆ. ತರಗತಿ ತಲೆಯೆತ್ತಿ ಸ್ತಬ್ಧವಾಯಿತು, ಹುಳುಗಳು ಜ್ವರಕ್ಕೆ ಕೂತ ಹಾಗೆ. ಆಮೇಲೆ ಜಟ್ಟಿಯನ್ನು ಬಂಡಿ ಹತ್ತಿಸಿದೆ.