ಸುಣ್ಣದ ಬೊಟ್ಟಿನ ಮೇಲೆ ನಿಂತ ಮುಳ್ಳು

ಹಂಡೆಯ ನೀರು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡುವವರು ಅಜ್ಞಾನಿಗಳು. ಒಕ್ಕಲುತನ ಮಾಡಿ ಜಡ್ಡುಗಟ್ಟಿದ ಬೆರಳಿನ ಸಾಕ್ಷಿ ನಂಬತಕ್ಕದ್ದಲ್ಲ. ಸತ್ಯ ನುಡಿಯುವುದು ಮೊಣಕೈಯ ಒಳಮಡಿಕೆ ಮಾತ್ರ. ಐಗಳ ಶಾಲೆಯಲ್ಲಿ ಮೂರು ಮಳೆಗಾಲ ಮರಳಿನ ಮೇಲೆ ಅಕ್ಷರ ತೀಡಿದ್ದಷ್ಟೇ ನನ್ನ ವಿದ್ಯೆಯಾದರೂ, ಈ ಒಂದು ಶಾಸ್ತ್ರದಲ್ಲಿ ನಾನು ಮಹಾಪಂಡಿತನೆಂದೂ, ನಮ್ಮ ಮನೆಯ ಬಚ್ಚಲ ಒಲೆಯ ಸರ್ವಾಧಿಕಾರ ನನಗೆ ಹುಟ್ಟಿನಿಂದಲೇ ಸಂದದ್ದೆಂದೂ ನಂಬಿಕೊಂಡು ಬಂದವನು. ಆ ಅಧಿಕಾರಕ್ಕೆ ಅರ್ಥ ಬಂದು ಈಗ ಮೂರು ತಿಂಗಳು. ಮೊಮ್ಮಗಳು ಹುಟ್ಟಿದ್ದಾಳೆ. ಓದುತ್ತಿರುವ ನೀವು ಎಲ್ಲಿದ್ದರೂ ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು ಮುಂದೆ ಓದಿ, ಏಕೆಂದರೆ ಮುಂದಿನದು ಅಷ್ಟೇನೂ ಸಿಹಿಯಲ್ಲ.

ನನ್ನ ಮಗಳು ಶರಣಮ್ಮ ಎರಡು ಸಲ ಬಸುರಾಗಿ, ಎರಡು ಸಲವೂ ಬರಿಯ ಮಡಿಲಲ್ಲಿ ಎದ್ದು ಬಂದವಳು. ಮೂರನೆಯ ಸಲ ಹೆರಿಗೆ ಬ್ಯಾನಿ ಶುರುವಾಗಿ ಒಂದು ದಿನ ಕಳೆದರೂ ಕೂಸು ಕದಲದಾಗ ಸೂಲಗಿತ್ತಿ ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೈಲಾದದ್ದು ಮುಗಿಯಿತು, ಜಹೀರಾಬಾದಿನ ದವಾಖಾನೆಗೆ ಒಯ್ಯಿರಿ ಎಂದಳು. ನಾರಾಯಣಖೇಡದ ಮಗ್ಗುಲಿನ ನಮ್ಮೂರಿನಿಂದ ಎತ್ತಿನ ಬಂಡಿಯಲ್ಲಿ ಹೊರಟರೆ ಮುಟ್ಟುವುದು ಮರುದಿನ. ಪುಣ್ಯಕ್ಕೆ ಅಂದು ಬೆಳಿಗ್ಗೆ ತಾಂಡೂರಿನ ಫರಸಿಕಲ್ಲು ಹೇರಿಕೊಂಡು ಬಂದಿದ್ದ ಒಂದು ಮೋಟಾರು ಚಾವಡಿಯ ಮುಂದೆ ನಿಂತಿತ್ತು. ಲಡಾಯಿಯ ಕಾಲ, ಪೆಟ್ರೋಲಿಗೆ ರೇಷನ್ ಚೀಟಿ. ಇದು ಡೀಸೆಲ್ ಎಂಬ ಎಣ್ಣೆ ಕುಡಿಯುವ ಮುದಿ ಯಂತ್ರ, ಕೆಮ್ಮುವುದರಲ್ಲಿ ನನಗಿಂತ ಹಿರಿದು. ಅದನ್ನು ಓಡಿಸುವ ಮಹೆಬೂಬ ಸಾಬ ಎರಡು ಮಾತಾಡದೆ ಕಲ್ಲು ಇಳಿಸಿ, ಹುಲ್ಲು ಹಾಸಿಸಿದ. ಅದರ ಮೇಲೆ ಕೌದಿ, ಕೌದಿಯ ಮೇಲೆ ಮಗಳು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಹೆಂಡತಿ ಗುರಮ್ಮ. ನಾನು ಮುಂದೆ, ಮಹೆಬೂಬನ ಪಕ್ಕದಲ್ಲಿ.

ಹಿಂದಿನಿಂದ ಬರುವ ನರಳಿಕೆಯನ್ನು ಕೇಳಲಾರದೆ, ತಿರುಗಿ ನೋಡುವ ಧೈರ್ಯವೂ ಸಾಲದೆ, ನನ್ನ ಕಣ್ಣು ಎದುರಿನ ಹಲಗೆಯಲ್ಲಿದ್ದ ಒಂಟಿ ಮುಳ್ಳಿನ ಗಡಿಯಾರದಂಥ ವಸ್ತುವೊಂದಕ್ಕೆ ಅಂಟಿಕೊಂಡಿತು. ಅದು ಇಂಜಿನ್ನಿನೊಳಗೆ ಸುತ್ತುವ ನೀರಿನ ಕಾವು ತೋರಿಸುತ್ತದೆಂದು ಮಹೆಬೂಬ ಹೇಳಿದ. ಅಂಕಿಗಳು ಅಳಿಸಿಹೋಗಿದ್ದವು, ಗಾಜಿನ ಮೇಲೆ ಎಲೆ ಅಡಿಕೆಯ ಸುಣ್ಣದಿಂದ ಅವನೇ ಇಟ್ಟ ಒಂದು ಬೊಟ್ಟು ಮಾತ್ರ ಇತ್ತು. ಅದೇಕೆಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ನಮ್ಮ ಹೊಲಗಳಲ್ಲಿ ಸುಣ್ಣ ಬಳಿಯುವುದು ಗಡಿಕಲ್ಲಿಗೆ. ಅದರಾಚೆ ನೇಗಿಲು ಹೋದರೆ ಅಣ್ಣತಮ್ಮಂದಿರ ಕೊಡಲಿಗಳು ಏಳುತ್ತವೆ. ಹಾಗಾಗಿ ಈ ಬೊಟ್ಟು ಕಾವಿನ ಗಡಿಯೆಂದೂ, ಮುಳ್ಳು ಅದನ್ನು ಮುಟ್ಟಿದರೆ ಅನಾಹುತವೆಂದೂ ನಾನೇ ತೀರ್ಪು ಕೊಟ್ಟುಕೊಂಡೆ.

ಮಾಂಜರಾ ನದಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಳ್ಳು ಮೆಲ್ಲಗೆ ಬಂದು ಬೊಟ್ಟಿನ ಮೇಲೆ ಕುಳಿತಿತು. ಏನೂ ಆಗಿಲ್ಲವೆಂದು ಮಹೆಬೂಬ ಎಷ್ಟು ಹೇಳಿದರೂ ಕೇಳದೆ ಅವನ ಕೈ ಹಿಡಿದು ನಿಲ್ಲಿಸಿದೆ. ಇಳಿದು, ಮುಂದಿನ ನೀರಿನ ತೊಟ್ಟಿಗೆ ನನ್ನ ಪಂಡಿತ ಮೊಣಕೈಯನ್ನು ಒತ್ತಿದೆ. ಚರ್ಮ ಚುರ್ರೆಂದಿತು. ಇಂಥ ನೀರನ್ನು ಹೊಯ್ದರೆ ಎಮ್ಮೆಯೂ ಬದುಕದು, ಮೋಟಾರಿಗೆ ವಿಷಮಜ್ವರವೇ ಬಂದಿದೆ ಎಂದು ಸಾರಿ, ತಣಿಯುವವರೆಗೆ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂಡಿಸಿದೆ. ತಣ್ಣಗಾದ ಇಂಜಿನ್ನು ಮೊರಂ ಮಣ್ಣಿನ ದಾರಿಯ ಏರಿನಲ್ಲಿ ಹೊಗೆ ಕಾರುತ್ತ ಏದುಸಿರು ಬಿಟ್ಟಾಗ, ನೋಡಿದೆಯಾ ಅದರ ನಿತ್ರಾಣ ಎಂದು ಮಹೆಬೂಬನಿಗೇ ಪಾಠ ಹೇಳಿದೆ. ಮತ್ತೆ ಮುಳ್ಳು ಬೊಟ್ಟಿಗೆ ಬಂತು, ಮತ್ತೆ ನಿಲ್ಲಿಸಿದೆ.

"ಬಚ್ಚಲ ಒಲಿ ಮುಂದ ಕುಂತು ಕುಂತು ನಿಮ್ಮ ಬುದ್ಧಿ ಹಂಡ್ಯಾಗ ಬಿದ್ದದ," ಎಂದಳು ಗುರಮ್ಮ.

ಮೂರನೆಯ ಸಲ, ಹೊತ್ತು ಪಡುವಣಕ್ಕೆ ವಾಲಿದಾಗ, ನದಿಯಿಂದ ತುಂಬಿ ತಂದಿದ್ದ ಕೊಡದ ನೀರನ್ನು ಇಂಜಿನ್ನಿನ ಮೇಲೆ ಸುರಿಯಲು ಓಡಿದೆ. ಮಹೆಬೂಬ ನನ್ನ ಮುಂಗೈ ಹಿಡಿದ.

"ಸುಡೋ ಕಬ್ಬಿಣಕ್ಕ ತಣ್ಣೀರ ಹಾಕಿದ್ರ ಸೀಳತದ್ರಿ ಕಾಕಾ. ಆಮ್ಯಾಲ ನಾವೆಲ್ಲಾ ಇಲ್ಲೇ."

"ಮುಳ್ಳ ಬೊಟ್ಟಿಗಿ ಬಂದದಲ್ಲೋ."

"ಬರಬೇಕಂತೇ ಇಟ್ಟೀನ್ರಿ. ಆರು ವರ್ಷಾತು, ದಿನಾ ಅಲ್ಲೇ ನಿಲ್ಲತದ. ಅಲ್ಲಿ ನಿಂತಿದ್ರ ಗಾಡಿ ತಂದುರುಸ್ತ, ಗಟ್ಟಿ ಅದ. ಮ್ಯಾಲ ಸರದ್ರ ನಾನೇ ನಿಲ್ಲಸತೀನಿ. ನಿಮ್ಮ ಕೈಗಿ ಸುಡೋದೇ ಅದಕ ಹದಾ."

ನಾನು ಕೊಡವನ್ನು ನೆಲಕ್ಕಿಳಿಸಿದೆ. ಆಗ ಹಿಂದಿನಿಂದ, ಎಷ್ಟೋ ಹೊತ್ತಿನಿಂದ ನರಳುವುದನ್ನೂ ಬಿಟ್ಟಿದ್ದ ಶರಣಮ್ಮನ ದನಿ ಬಂತು.

"ಅಪ್ಪಾ, ಆ ಮುಳ್ಳ ನೋಡಬ್ಯಾಡ. ನನ್ನ ನೋಡು."

ಹಿಂದಕ್ಕೆ ಹೋಗಿ ಕೂತು ಅವಳ ಕೈ ಹಿಡಿದೆ. ತಣ್ಣಗಿತ್ತು. ಜೀವಮಾನವೆಲ್ಲ ಬಿಸಿಗೆ ಹೆದರುವುದನ್ನೇ ಕಲಿತವನಿಗೆ ತಣ್ಣಗಿನ ಕೈಗೆ ಎಷ್ಟು ಹೆದರಬೇಕೆಂಬುದು ಗೊತ್ತಿರಲಿಲ್ಲ. ಹಿಂದಿನ ಎರಡು ಕೂಸುಗಳನ್ನು ಶಿವನ ಲೆಕ್ಕಕ್ಕೆ ಹಾಕಿ ಅತ್ತಿದ್ದೆವು. ಇದು ಹೋದರೆ ಶಿವನ ಮೇಲೂ ಸೂಲಗಿತ್ತಿಯ ಮೇಲೂ ಹಾಕುವಂತಿಲ್ಲ, ಬೇವಿನ ಮರದ ಕೆಳಗೆ ಕಳೆದ ಹೊತ್ತೆಲ್ಲ ನನ್ನದೇ. ಮೋಟಾರು ಸುಡುತ್ತಲೇ ಏರು ಹತ್ತಿತು, ಇಳಿಯಿತು, ಒಮ್ಮೆಯೂ ತಡವರಿಸಲಿಲ್ಲ. ಅದು ಚೆನ್ನಾಗಿ ಓಡಿದಷ್ಟೂ ನನ್ನ ಎದೆ ಕುಸಿಯಿತು.

ದವಾಖಾನೆಯ ಜಗಲಿಯ ಮೇಲೆ ಮಹೆಬೂಬ ನನ್ನ ಪಕ್ಕದಲ್ಲಿ ಕುಳಿತು ಎಲೆ ಮಡಿಸಿಕೊಟ್ಟ, ಅಗಿಯಲಾಗಲಿಲ್ಲ. ಒಳಗಿನಿಂದ ಹೆಂಗಸರ ಓಡಾಟ ಕೇಳಿತು, ಕೂಸಿನ ಅಳು ಕೇಳಲಿಲ್ಲ. ಓಡಾಟವೂ ನಿಂತಿತು. ಮುಗಿಯಿತೆಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಆಗ ಬೆಕ್ಕಿನ ಮರಿಯದೆನ್ನುವಷ್ಟು ಸಣ್ಣ ಸದ್ದೊಂದು ಬಂತು, ತಡೆಯಿತು, ಮತ್ತೆ ಬಂತು. ಹೊರಬಂದ ನರ್ಸಮ್ಮ, ತಾಯಿ ಮಗು ಇಬ್ಬರೂ ಉಳಿದರು, ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟರು. ಅವರು ಬಿಟ್ಟದ್ದನ್ನು ನಾನು ದಿನವೂ ಪೂರ್ತಿ ಮಾಡುತ್ತೇನೆ. ತೊಟ್ಟಿಲು ತೂಗುವಾಗ, ಬೆಲ್ಲ ಹಂಚುವಾಗಲೂ.

ಮೊದಮೊದಲು ಕೂಸಿನ ನೆತ್ತಿ ಮುಟ್ಟಿ ಜ್ವರವೆಂದು ಕೂಗಿಕೊಂಡು ಬೈಸಿಕೊಂಡೆ. ನನ್ನ ಅಂಗೈಯ ಹದ ಬೇರೆ, ಅವಳ ನೆತ್ತಿಯ ಹದ ಬೇರೆ ಎಂದು ಒಪ್ಪಿಕೊಳ್ಳಲು ಒಂದು ವಾರ ಹಿಡಿಯಿತು. ಈಗ ನೆತ್ತಿಯ ದಿನನಿತ್ಯದ ಕಾವು ನನಗೆ ಪಾಠವಾಗಿದೆ. ಅದು ಅಲ್ಲೇ ನಿಂತಿದ್ದರೆ ನಾನೂ ಸುಮ್ಮನಿರುತ್ತೇನೆ.

ಇಂದೂ ಹಂಡೆಗೆ ಮೊಣಕೈ ಅದ್ದಿದೆ. ಅಂದು ಸುಟ್ಟು ಕಲೆಗಟ್ಟಿದ ಮಡಿಕೆಗೆ ಈಗ ಬಿಸಿ ತಣ್ಣಗಿನ ಭೇದ ತಿಳಿಯುವುದಿಲ್ಲ, ಪಾಂಡಿತ್ಯ ಹೋಯಿತು. ಆದ್ದರಿಂದ ಗುರಮ್ಮ ಹದ ಮಾಡಿಕೊಟ್ಟ ನೀರಿನ ಒಂದು ಹನಿಯನ್ನು ಮೊಮ್ಮಗಳ ಪಾದಕ್ಕೆ ಮುಟ್ಟಿಸಿ, ನೀರನ್ನು ಬಿಟ್ಟು ಅವಳ ಮುಖ ನೋಡುತ್ತೇನೆ.